ಟ್ಯಾಪೆಟ್‌ನ ತಳ ಉಜ್ಜಿದ ಕೈ

"ಮೇಡಂ, ನಿಮ್ಮ ಕಳ್ಳ ಇವನಲ್ಲ," ಎಂದ ಕುಲುಮೆಯವನು.

ಅವನು ಹೇಳಿದ್ದು ಯಾವ ಮನುಷ್ಯನ ಬಗ್ಗೆಯೂ ಅಲ್ಲ. ಗಡಸುತನ ಅಳೆಯುವ ಅವನ ಮೆಷೀನಿನ ಚೂಪು ಮೊನೆಯ ಕೆಳಗೆ ಹೆಬ್ಬೆರಳು ಗಾತ್ರದ ಒಂದು ಕಬ್ಬಿಣದ ತುಂಡು ಕೂತಿತ್ತು. ಮೇಲಿನ ಗಾಜಿನ ಮುಖದಲ್ಲಿ ಮುಳ್ಳು ಐವತ್ತೆಂಟಕ್ಕೆ ಬಂದು ನಿಂತಿತ್ತು.

"ಐವತ್ತೆಂಟು ಅಂದ್ರೆ ಒಳ್ಳೇದಾ, ಕೆಟ್ಟದ್ದಾ?"

"ಎಷ್ಟು ಗಟ್ಟಿ ಇರಬೇಕೋ ಅಷ್ಟು ಗಟ್ಟಿ ಇದೆ. ಇದನ್ನ ಕಚ್ಚಿದ್ರೆ ಹೋಗೋದು ನಮ್ಮ ಹಲ್ಲು."

ಮೂರು ದಿನದಿಂದ ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದ ನನ್ನ ಊಹೆ ಆ ಒಂದು ಮಾತಿಗೆ ಕುಸಿದು ಬಿತ್ತು. ಅಂಗಡಿಯವನು ಮೆತ್ತನೆಯ ಮಾಲು ಮಾರಿದ್ದಾನೆ, ಅದಕ್ಕೇ ಎಂಜಿನ್‌ಗಳು ಸಾಯುತ್ತಿವೆ ಎಂದು ನಾನು ತೀರ್ಮಾನಿಸಿಯಾಗಿತ್ತು. ಆ ಖುಷಿಯಲ್ಲಿ ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದೆ. ಈಗ ಬೆಳಗ್ಗೆ ಒಂಬತ್ತೂವರೆಗೆ ಕುಲುಮೆಯ ಕಾವಿನಲ್ಲಿ ಬೆವರುತ್ತ ಮತ್ತೆ ತಲೆ ಕೆರೆದುಕೊಳ್ಳುತ್ತಿದ್ದೆ.

ಇಪ್ಪತ್ತೆರಡು ವರ್ಷ ವಿಮೆ ಕಚೇರಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದವಳು ನಾನು. ಮನುಷ್ಯ ಸುಳ್ಳು ಹೇಳಿದರೆ ಅವನು ಎಂಜಲು ನುಂಗುವುದನ್ನು ನೋಡಿಯೇ ಹೇಳಬಲ್ಲೆ. ಕಬ್ಬಿಣ ಸುಳ್ಳು ಹೇಳಿದರೆ ಏನನ್ನು ನೋಡಬೇಕೋ ನನಗೆ ಯಾರೂ ಕಲಿಸಿರಲಿಲ್ಲ.

ಸಂಗತಿ ಇಷ್ಟು. ಈ ಊರಿನ ಎಂಜಿನ್ ರಿಪೇರಿ ಶೆಡ್ಡಿನ ಮೇಸ್ತ್ರಿ ಆರು ತಿಂಗಳಲ್ಲಿ ಬಿಚ್ಚಿ ಕಟ್ಟಿದ ಮೂರು ಹಳೇ ಕಾರುಗಳ ಎಂಜಿನ್‌ಗಳು, ಮೊದಲ ಸಲ ಚಾಲೂ ಮಾಡಿದ ಅರ್ಧ ಗಂಟೆಯೊಳಗೆ ವಾಲ್ವ್ ಎತ್ತಿಳಿಸುವ ತಮ್ಮ ಕ್ಯಾಮ್‌ಶಾಫ್ಟನ್ನು ತಾವೇ ತಿಂದು ಹಾಕಿದ್ದವು. ಯಾರೋ ಕೈಯಾಡಿಸುತ್ತಿದ್ದಾರೆ, ಪತ್ತೆ ಮಾಡಿ ಎಂದು ಅವರ ತಂಗಿ ನನ್ನನ್ನು ಕರೆದಿದ್ದರು.

ಮೂರನೆಯದಾಗಿ ಸತ್ತ ಎಂಜಿನ್ ಹಲ್ಲಿನ ಡಾಕ್ಟ್ರೊಬ್ಬರ ತಂದೆ ಓಡಿಸುತ್ತಿದ್ದ ಕಾರಿನದು. ಅದನ್ನು ಮೇಸ್ತ್ರಿ ಬೇರೆ ಕ್ಯಾಮ್‌ಶಾಫ್ಟ್ ಹಾಕಿ ಮತ್ತೆ ಕಟ್ಟಿದ್ದರು. ಇವತ್ತು ಹನ್ನೊಂದು ಗಂಟೆಗೆ ಚಾಲೂ ಮಾಡುವವರಿದ್ದರು. ಎರಡು ತಿಂಗಳು ಹುಡುಕಿದ ಮೇಲೆ ಸಿಕ್ಕ ಕ್ಯಾಮ್‌ಶಾಫ್ಟ್ ಅದೊಂದೇ. ಇದೂ ಹೋದರೆ ಆ ಕಾರು ಇನ್ನು ಬರೀ ತಗಡು. ಡಾಕ್ಟ್ರು ಪೊಲೀಸ್ ದೂರನ್ನು ಬರೆದು, ಮಡಿಸಿ, ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಇದೂ ಕೆಟ್ಟರೆ ತಾನು ಇನ್ನು ಸ್ಪ್ಯಾನರ್ ಮುಟ್ಟುವುದಿಲ್ಲ, ಶೆಡ್ಡಿಗೆ ಬೀಗ ಎಂದು ಮೇಸ್ತ್ರಿಯೂ ಹೇಳಿಬಿಟ್ಟಿದ್ದರು. ನಲವತ್ತು ವರ್ಷದ ಹೆಸರು ಆ ಒಂದು ಅರ್ಧ ಗಂಟೆಯ ಮೇಲೆ ನಿಂತಿತ್ತು.

"ಇನ್ನೊಂದನ್ನೂ ನೋಡ್ತೀನಿ," ಎಂದು ಕುಲುಮೆಯವನು ನಾನು ತಂದಿದ್ದ ಎರಡನೇ ತುಂಡನ್ನೂ ಮೆಷೀನಿಗೆ ಕೊಟ್ಟ. ಐವತ್ತೆಂಟೇ ಬಂತು.

ಅವನು ಚೀಟಿ ಬರೆಯಲು ಪೆನ್ನು ಹುಡುಕುತ್ತ ಆ ಎರಡನ್ನೂ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ. ತಳಕ್ಕೆ ತಳ ಸೇರಿಸಿ ಇಟ್ಟ. ಅವು ಅಲುಗಾಡದೆ ನಿಂತವು.

ನಾನು ಸುಮ್ಮನೆ ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು. ಏನು ಸರಿಯಿಲ್ಲ ಎಂದು ಮಾತ್ರ ಹೊಳೆಯಲಿಲ್ಲ. ಎರಡು ಕಬ್ಬಿಣದ ತುಂಡು ಒಂದರ ಮೇಲೊಂದು ನಿಂತರೆ ಅದರಲ್ಲಿ ತಪ್ಪೇನಿದೆ? ಮೇಲಿನದನ್ನು ಬೆರಳಿನಿಂದ ತಳ್ಳಿದೆ. ಜಾರಿತು, ಆದರೆ ಓಲಾಡಲಿಲ್ಲ.

ಓಲಾಡಲಿಲ್ಲ!

ಮೊನ್ನೆ ಇವು ಓಲಾಡಿದ್ದವು.

ಮೊನ್ನೆ ನಾನು ಮೇಸ್ತ್ರಿಯ ಜೊತೆ ಬಿಡಿಭಾಗದ ಅಂಗಡಿಗೆ ಹೋಗಿದ್ದೆ. ಅವರು ಮಾಲು ಆರಿಸುವುದನ್ನು ಕಣ್ಣಾರೆ ನೋಡಬೇಕಿತ್ತು. ಮೊದಲು, ಅಂಗಡಿಯವನು ಎಲ್ಲಿಂದಲೋ ತರಿಸಿಕೊಟ್ಟ ಆ ಒಂದೇ ಕ್ಯಾಮ್‌ಶಾಫ್ಟ್. ಮೊಳದುದ್ದದ ಸರಳು, ಅದರ ಮೇಲೆ ಮೊಟ್ಟೆಯಾಕಾರದ ಎಂಟು ಉಬ್ಬುಗಳು. ಮೇಸ್ತ್ರಿ ಒಂದೊಂದು ಉಬ್ಬಿಗೂ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು.

"ಒಂದು ಕಡೆ ಬೆಳಕು ಕಾಣ್ತಾ ಇದೆಯಾ?"

"ಕೂದಲೆಳೆಯಷ್ಟು ಕಾಣ್ತಿದೆ."

"ಅಷ್ಟೇ ಕಾಣಬೇಕು. ಉಬ್ಬು ನೇರ ಇರಬಾರದಮ್ಮ, ಒಂದು ಕಡೆಗೆ ಚೂರು ಇಳಿಜಾರು ಇರಬೇಕು. ಇನ್ನು ಇದರ ಮೇಲೆ ಕೂರೋನು ಟ್ಯಾಪೆಟ್. ಉಬ್ಬು ತಿರುಗಿದಾಗ ಇವನನ್ನ ಎತ್ತುತ್ತೆ, ಇವನು ವಾಲ್ವ್ ಎತ್ತುತ್ತಾನೆ. ಇವನ ತಳ ನೋಡಿ, ಹೇಗಿದೆ?"

"ಚಪ್ಪಟೆ."

ಮೇಸ್ತ್ರಿ ನಕ್ಕರು. ನನ್ನ ಅಜ್ಞಾನಕ್ಕೆ ನಕ್ಕದ್ದಾದರೂ ನನಗೆ ಕೋಪ ಬರಲಿಲ್ಲ. ಅಪರೂಪಕ್ಕೆ ನಗುವವರು ಅವರು. ಎರಡು ಟ್ಯಾಪೆಟ್ ತಳಕ್ಕೆ ತಳ ಕೂಡಿಸಿ ನನ್ನ ಕೈಗೆ ಕೊಟ್ಟರು. ಹಿಡಿದು ನೋಡಿದರೆ ಅವು ತೊಟ್ಟಿಲ ಹಾಗೆ ತೂಗುತ್ತಿದ್ದವು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸುತ್ತಲೂ ಸಂದು.

"ಚಪ್ಪಟೆ ಅಂತ ಕಾಣುತ್ತೆ, ಅಷ್ಟೇ. ನಡುವೆ ಉಬ್ಬಿರುತ್ತೆ. ಇದು ಉಬ್ಬಿರೋದು, ಅದು ಇಳಿಜಾರಿರೋದು, ಎರಡೂ ಸೇರಿದ್ರೇನೇ ಟ್ಯಾಪೆಟ್ ತನ್ನ ಜಾಗದಲ್ಲೇ ಗಿರಗಿರ ತಿರುಗೋದು. ತಿರುಗ್ತಾ ಇದ್ರೆ ಐವತ್ತು ವರ್ಷ ಬಾಳುತ್ತೆ. ನಿಂತಲ್ಲೇ ನಿಂತ್ರೆ ಒಂದೇ ಕಡೆ ಉಜ್ಜಿ ಉಜ್ಜಿ ಅರ್ಧ ಗಂಟೇಲಿ ಇದೂ ಹೋಯ್ತು, ಕ್ಯಾಮೂ ಹೋಯ್ತು."

ಮೂವತ್ತು ಟ್ಯಾಪೆಟ್‌ಗಳಲ್ಲಿ ಅವರು ಹತ್ತನ್ನು ಆರಿಸಿದರು. ಒಂದನ್ನು ಕಲ್ಲಿಗೆ ತಟ್ಟಿ ಸದ್ದು ಮಂಕಾಗಿದೆ ಎಂದು ಪಕ್ಕಕ್ಕಿಟ್ಟರು. ಇನ್ನೊಂದಕ್ಕೆ ಅರ ಹಾಕಿದಾಗ ಅರ ಕಚ್ಚಿತು, ಮೆತ್ತಗಿದೆ ಎಂದು ಅದನ್ನೂ ಬಿಟ್ಟರು. ತಳ ತೂಗದವು ಆರೇಳು ಇದ್ದವು. ಅವನ್ನು ಮುಟ್ಟಿದ ಕೈಯನ್ನೂ ಒರೆಸಿಕೊಂಡರು. ಹಳೇ ಟ್ಯಾಪೆಟ್‌ಗಳನ್ನೇ ತೊಳೆದು ಹಾಕಬಾರದೇ ಎಂದು ನಾನು ಕೇಳಿದ್ದಕ್ಕೆ, "ಹೊಸ ಕ್ಯಾಮಿಗೆ ಹಳೇ ಟ್ಯಾಪೆಟ್ ಹಾಕೋನು ಮೆಕ್ಯಾನಿಕ್ ಅಲ್ಲ, ಕಟುಕ," ಎಂದು ಗದರಿದರು. ಆರಿಸಿದ ಹತ್ತರಲ್ಲಿ ಎಂಟು ಈ ಎಂಜಿನ್ನಿಗೆ, ಎರಡು ಹೆಚ್ಚಿಗೆ ಇರಲಿ ಎಂದು. ಹತ್ತೂ ನನ್ನ ಕೈಯಲ್ಲೇ ಓಲಾಡಿದ್ದವು.

ಎಂಟು ನಿನ್ನೆ ಮಧ್ಯಾಹ್ನ ಎಂಜಿನ್ನಿನೊಳಗೆ ಹೋಗಿದ್ದವು. ಉಳಿದ ಎರಡೇ ಈಗ ಕುಲುಮೆಯವನ ಮೇಜಿನ ಮೇಲೆ ಕಲ್ಲುಕಂಬದ ಹಾಗೆ ನಿಂತಿದ್ದವು.

"ಮೇಡಂ, ಚೀಟಿ?" ಎಂದು ಕುಲುಮೆಯವನು ಕೂಗಿದಾಗ ನಾನು ಆಗಲೇ ಸ್ಕೂಟರ್ ಒದೆಯುತ್ತಿದ್ದೆ.

*

ಬಿಡಿಭಾಗದ ಅಂಗಡಿಯವನನ್ನು ಆ ಬೀದಿಯಲ್ಲಿ ಎಲ್ಲರೂ ಬಾಮೈದ ಎನ್ನುತ್ತಾರೆ. ಮೇಸ್ತ್ರಿಯ ತೀರಿಹೋದ ಹೆಂಡತಿಯ ತಮ್ಮ ಅವನು. ಅಕ್ಕ ಹೋದಮೇಲೆ ಅವನು ಮೇಸ್ತ್ರಿಯ ಶೆಡ್ಡಿನ ಹೊಸ್ತಿಲು ತುಳಿದಿಲ್ಲ. "ಆ ಶೆಡ್ಡೇ ನಮ್ಮಕ್ಕನ್ನ ತಿಂತು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾನೆ. ಮಾಲು ಮಾತ್ರ ಕೊಡುತ್ತಾನೆ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ ಇತ್ತು.

"ಬನ್ನಿ ಬನ್ನಿ. ಇವತ್ತು ಯಾವ ಆರೋಪ?" ಎಂದ. ಬಾಯ್ತುಂಬ ನಗು, ಕಣ್ಣಲ್ಲಿ ಅದು ಇರಲಿಲ್ಲ.

ನಾನು ಎರಡೂ ಟ್ಯಾಪೆಟ್ ಅವನ ಮುಂದೆ ಕುಕ್ಕಿದೆ. "ಇವನ್ನ ಬದಲಾಯಿಸಿದ್ದು ಯಾರು?"

"ಬದಲಾಯಿಸೋದಾ? ನಿಮ್ಮೆದುರಿಗೇ ನಮ್ಮ ಭಾವ ತಾವೇ ಆರಿಸಿ, ತಾವೇ ಕಾಗದ ಸುತ್ತಿ, ತಾವೇ ಹೊತ್ಕೊಂಡು ಹೋದ್ರಲ್ಲ. ನಾನು ಮುಟ್ಟಿದ್ದುಂಟಾ?"

"ಮೊನ್ನೆ ತೂಗ್ತಾ ಇದ್ವು. ಇವತ್ತು ತೂಗ್ತಿಲ್ಲ."

ನಗು ಮಾಯವಾಯಿತು. ಅವನು ತಾನೇ ಎರಡನ್ನೂ ತಳಕ್ಕೆ ತಳ ಹಿಡಿದು ಅಲ್ಲಾಡಿಸಿದ. ಬೆಳಕಿಗೆ ಹಿಡಿದ. ಆಮೇಲೆ ಕಪಾಟಿನಿಂದ ಅದೇ ಪೆಟ್ಟಿಗೆಯ ಮತ್ತೆರಡು ತೆಗೆದು ಹಿಡಿದ. ಅವು ಚೆನ್ನಾಗಿಯೇ ತೂಗಿದವು. ಗಲ್ಲಾದ ಕೆಳಗಿನಿಂದ ಒಂದು ಮಸೂರ ಹೊರಬಂತು.

ನಾನು ಅವನ ಗಂಟಲನ್ನು ನೋಡುತ್ತಿದ್ದೆ. ಎಂಜಲು ನುಂಗಲಿಲ್ಲ. ಈ ಮನುಷ್ಯನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನನಗೆ ಇನ್ನಷ್ಟು ಗೊಂದಲವಾಯಿತು, ಯಾಕೆಂದರೆ ಅವನನ್ನು ಬಿಟ್ಟರೆ ನನ್ನ ಹತ್ತಿರ ಬೇರೆ ಕಳ್ಳನೇ ಇರಲಿಲ್ಲ.

"ನೋಡಿ," ಎಂದು ಮಸೂರವನ್ನು ನನ್ನ ಕಡೆ ತಿರುಗಿಸಿದ. "ಕಂಪನಿಯಿಂದ ಬಂದ ತಳದಲ್ಲಿ ಗೆರೆ ದುಂಡಗಿರುತ್ತೆ, ಮೆಷೀನ್ ಗೆರೆ. ನೀವು ತಂದಿದ್ದರಲ್ಲಿ ಹೇಗಿದೆ?"

ಗೆರೆಗಳು ಒಂದರ ಮೇಲೊಂದು ಹಾದು ಹೋಗಿದ್ದವು. ಎಂಟರ ಅಂಕಿಯನ್ನು ನೂರಾರು ಸಲ ತಿದ್ದಿದ ಹಾಗೆ. ತಳ ಮಾತ್ರ ಕನ್ನಡಿಯಾಗಿತ್ತು, ನನ್ನ ಮೂಗು ಅದರಲ್ಲಿ ಕಾಣುತ್ತಿತ್ತು.

"ಇದು ಮೆಷೀನ್ ಕೆಲಸ ಅಲ್ಲ ಮೇಡಂ. ಯಾರೋ ಗಾಜಿನ ಮೇಲೆ ಕಬ್ಬಿಣ ಸವೆಸೋ ಪೇಸ್ಟ್ ಹಚ್ಚಿ ಕೈಯಲ್ಲಿ ಉಜ್ಜಿದ್ದಾರೆ. ಒಂದೊಂದಕ್ಕೆ ಅರ್ಧ ಗಂಟೆಯಾದ್ರೂ ಬೇಕು. ಎಂಥಾ ಕೈ ನೋಡಿ, ಒಂದು ಗೆರೆ ಅತ್ತಿತ್ತ ಹೋಗಿಲ್ಲ." ಅವನ ದನಿಯಲ್ಲಿ ಮೆಚ್ಚುಗೆಯೂ ಇತ್ತು. "ಉಬ್ಬು ಪೂರ್ತಿ ಹೋಗಿದೆ. ಇನ್ನಿದು ತಿರುಗೋದುಂಟಾ?"

"ಈ ಊರಲ್ಲಿ ಹೀಗೆ ಉಜ್ಜೋರು ಎಷ್ಟು ಜನ?"

ಅವನು ಮಸೂರವನ್ನು ಬಟ್ಟೆಯಲ್ಲಿ ಒರೆಸಿದ. ಒಳಗಿಟ್ಟ. ಗಲ್ಲಾ ಮುಚ್ಚಿದ.

"ಯಾಕೆ ನನ್ನ ಬಾಯಲ್ಲಿ ಹೇಳಿಸ್ತೀರ? ನಿಮ್ಮನ್ನ ಈ ಕೆಲಸಕ್ಕೆ ಕರೆದೋರು ಯಾರು?"

ನಾನು ಟ್ಯಾಪೆಟ್‌ಗಳನ್ನು ಎತ್ತಿಕೊಂಡೆ. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಇಪ್ಪತ್ತೈದು ನಿಮಿಷ.

*

ಮೇಸ್ತ್ರಿಯ ತಂಗಿಗೆ ಪೇಸ್ಟಕ್ಕ ಎಂಬ ಹೆಸರು ಬಿದ್ದು ಮೂವತ್ತು ವರ್ಷವಾಯಿತು. ಗಂಡನ ಮನೆಯಲ್ಲಿ ಬಾಳಲಾಗದೆ ಒಂದು ಟ್ರಂಕು ಹಿಡಿದು ವಾಪಸು ಬಂದಾಗ, ಅಣ್ಣ ಒಂದು ಮಾತೂ ಕೇಳಲಿಲ್ಲವಂತೆ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಂದು ಮಣೆ ಹಾಕಿ, ಕೈಗೆ ಒಂದು ವಾಲ್ವ್ ಕೊಟ್ಟು, ಉಜ್ಜು ಎಂದರಂತೆ. ಅವತ್ತಿನಿಂದ ಆ ಶೆಡ್ಡಿನಿಂದ ಹೊರಗೆ ಹೋದ ಪ್ರತಿಯೊಂದು ವಾಲ್ವನ್ನೂ ಉಜ್ಜಿದ್ದು ಅವರೇ. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಪೇಸ್ಟು ಖಾಯಂ. ಊಟಕ್ಕೆ ಕೂತಾಗಲೂ ಹೋಗುವುದಿಲ್ಲ.

ನಾನು ಹಿಂಬಾಗಿಲಿನಿಂದಲೇ ಒಳಗೆ ನುಗ್ಗಿದೆ. ಅವರು ಮಣೆಯ ಮೇಲೆ ಕೂತು, ಎರಡು ಅಂಗೈಗಳ ನಡುವೆ ಕಡ್ಡಿ ಹಿಡಿದು ಮಜ್ಜಿಗೆ ಕಡೆಯುವಂತೆ ವಾಲ್ವ್ ತಿರುಗಿಸುತ್ತಿದ್ದರು.

"ಏನ್ರೀ, ಓಡಿ ಬಂದ ಹಾಗಿದೆ? ನೀರು ಕುಡೀರಿ ಮೊದಲು."

"ನೀರು ಆಮೇಲೆ ಅಕ್ಕ." ನಾನು ಒಂದು ಟ್ಯಾಪೆಟ್ ತಿರುಗಿಸಿ ಕನ್ನಡಿಯಂಥ ತಳ ತೋರಿಸಿದೆ. "ಇದನ್ನ ಉಜ್ಜಿದ್ದು ಯಾರು?"

ಅವರು ಕನ್ನಡಕ ಏರಿಸಿ ನೋಡಿದರು. ನಾನು ಅವರ ಗಂಟಲು ನೋಡಿದೆ.

"ನಾನೇ," ಎಂದರು. ಸಾರು ಮಾಡಿದ್ದು ಯಾರು ಎಂದರೆ ಹೇಳುವಷ್ಟೇ ಸಲೀಸಾಗಿ. "ಯಾಕೆ, ಚೆನ್ನಾಗಿ ಆಗಿಲ್ವಾ?"

ಇಪ್ಪತ್ತೆರಡು ವರ್ಷದಲ್ಲಿ ಎಂತೆಂಥ ತಪ್ಪೊಪ್ಪಿಗೆ ಕೇಳಿದ್ದೇನೆ. ಅತ್ತವರು, ಕಾಲು ಹಿಡಿದವರು, ಮೂರ್ಛೆ ಹೋದವರು. ಚೆನ್ನಾಗಿ ಆಗಿಲ್ವಾ ಎಂದು ಕೇಳಿದವರು ಇದೇ ಮೊದಲು.

"ಹತ್ತನ್ನೂ ಉಜ್ಜಿದ್ರಾ?"

"ಹತ್ತೂ. ಮೊನ್ನೆ ಮಧ್ಯಾಹ್ನ ಕೂತವಳು ದೀಪ ಹಚ್ಚೋ ಹೊತ್ತಿಗೆ ಎದ್ದೆ. ಬೆನ್ನು ಬಿದ್ದುಹೋಯ್ತು."

"ಅದಕ್ಕೆ ಮುಂಚೆ ಹಾಳಾದ ಮೂರು ಎಂಜಿನ್ನಿಂದು?"

"ಅವನ್ನೂ ನಾನೇ ಉಜ್ಜಿದ್ದು. ಇನ್ಯಾರು ಉಜ್ಜಬೇಕು?"

ನನ್ನ ತಾಳ್ಮೆ ಕೈಕೊಟ್ಟಿತು. "ಅಲ್ಲ ಅಕ್ಕ, ನಾಲ್ಕು ದಿನದಿಂದ ನಾನು ಇಲ್ಲಿ ಮಂಡಿಯೂರಿ ಸಂದಿಗೊಂದಿ ಹುಡುಕ್ತಾ ಇದ್ದೀನಿ. ಎಣ್ಣೆ ಸರಿ ಇದೆಯಾ ಅಂತ ಮೂಸಿದ್ದೀನಿ. ಸ್ಪ್ರಿಂಗು ಅಳೆಸಿದ್ದೀನಿ. ಪಾಪದ ಅಂಗಡಿಯವನ ಮೇಲೆ ಗೂಬೆ ಕೂರಿಸಿದ್ದೀನಿ. ಒಂದು ಮಾತು ಹೇಳಬಾರದಾಗಿತ್ತಾ?"

"ನೀವು ಕೇಳಿದ್ರಾ?" ಅವರಿಗೂ ರೇಗಿತು. "ಯಾರು ಬಂದ್ರು, ಯಾರು ಹೋದ್ರು, ಬೀಗದ ಕೈ ಯಾರ ಹತ್ರ ಇರುತ್ತೆ, ಇದೇ ಕೇಳಿದ್ರಿ. ಪಾತ್ರೆ ತೊಳೆದಿದ್ದು ಯಾರು ಅಂತ ಕೇಳಿದ್ರಾ? ಉಜ್ಜೋದು ನನ್ನ ಕೆಲಸ. ಅದನ್ನೆಲ್ಲ ಒಬ್ಬರಿಗೆ ವರದಿ ಒಪ್ಪಿಸ್ತಾರಾ?"

ಅವರು ಹೇಳಿದ್ದು ಸರಿಯಾಗಿತ್ತು. ನಾನು ಕೇಳಿರಲಿಲ್ಲ. ಹೊರಗಿನಿಂದ ಬಂದವರನ್ನು ಹುಡುಕುತ್ತಿದ್ದೆನೇ ಹೊರತು ಮಣೆಯ ಮೇಲೆ ಕೂತವರನ್ನು ನೋಡಿರಲಿಲ್ಲ.

ನಾನು ಕೆಳಗೆ ಕೂತೆ. ಎರಡು ಟ್ಯಾಪೆಟ್ ತಳಕ್ಕೆ ತಳ ಸೇರಿಸಿ ಅವರ ಕೈಗಿಟ್ಟೆ. ಮೊನ್ನೆ ಮೇಸ್ತ್ರಿ ನನಗೆ ಹೇಳಿದ್ದನ್ನು, ನನಗೆ ಅರ್ಥವಾದಷ್ಟು, ಹಾಗೆಯೇ ಹೇಳಿದೆ. ನಡುವೆ ಉಬ್ಬಿರಬೇಕು. ಉಬ್ಬಿದ್ದರೆ ತಿರುಗುತ್ತದೆ. ತಿರುಗದಿದ್ದರೆ ಕ್ಯಾಮ್‌ಶಾಫ್ಟ್ ತಿನ್ನುತ್ತದೆ.

ಪೇಸ್ಟಕ್ಕ ಮೊದಲು ತಲೆಯಾಡಿಸುತ್ತಿದ್ದರು. ಆಮೇಲೆ ತಲೆ ನಿಂತಿತು. ಕೈಯಲ್ಲಿದ್ದ ಟ್ಯಾಪೆಟ್‌ಗಳನ್ನು ತೂಗಲು ನೋಡಿದರು, ಮತ್ತೆ ನೋಡಿದರು. ಮುಖದ ಬಣ್ಣ ಇಳಿಯಿತು.

"ಹಾಗಾದ್ರೆ ಆ ಮೂರೂ..."

ನಾನು ಅವರ ಕೈಯಿಂದ ಟ್ಯಾಪೆಟ್‌ಗಳನ್ನು ತೆಗೆದುಕೊಂಡೆ.

"ಆ ಮೂರೂ ಎಂಜಿನ್ನನ್ನ ನಾನೇ ಕೊಂದಿದ್ದಾ?"

ಈ ಹೆಂಗಸು ಅಣ್ಣನ ಹೆಸರು ಉಳಿಸಲು ನನ್ನನ್ನು ಹುಡುಕಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕಳ್ಳನನ್ನು ಹಿಡಿದುಕೊಡಿ ಎಂದಿದ್ದರು. ನಾನು ಹಿಡಿದುಕೊಟ್ಟಿದ್ದೆ.

"ನಿಮಗೆ ಗೊತ್ತಿರಲಿಲ್ವಾ ಅಕ್ಕ? ಮೂವತ್ತು ವರ್ಷ ಇದೇ ಕೆಲಸದಲ್ಲಿದ್ದೀರ."

"ನನಗೆ ಗೊತ್ತಿರೋದು ವಾಲ್ವು. ಟ್ಯಾಪೆಟ್ ಯಾವತ್ತೂ ನನ್ನ ಕೈಗೆ ಕೊಟ್ಟಿದ್ದೇ ಇಲ್ಲ. ಅದು ಅಣ್ಣನ ಕೆಲಸ. ಅವನೇ ಆರಿಸಬೇಕು, ಅವನೇ ಹಾಕಬೇಕು. ಈ ಆರು ತಿಂಗಳಿಂದೀಚೆಗೆ ತಾನೇ..."

"ಆರು ತಿಂಗಳ ಹಿಂದೆ ಏನಾಯ್ತು? ನೀವೇ ಉಜ್ಜೋಣ ಅಂದ್ಕೊಂಡ್ರಾ?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಹುಚ್ಚಿಯನ್ನು ನೋಡುವ ನೋಟ ಅದು.

"ಏನು ಮಾತು ಅಂತ ಆಡ್ತೀರ? ಈ ಶೆಡ್ಡಲ್ಲಿ ಅಣ್ಣ ಹೇಳದೆ ನಾನು ಒಂದು ನಟ್ಟು ಮುಟ್ಟಿದ್ದಿಲ್ಲ. ಅಣ್ಣನೇ ಹೇಳಿದ್ದು. ಅಗೋ, ಆ ಗಾಜಿನ ಹಲಗೆ ಅವನೇ ತಂದಿದ್ದು. ಇಲ್ಲೇ, ನೀವು ಕೂತ ಜಾಗದಲ್ಲೇ ಕೂತು, ಮೊದಲನೇದನ್ನ ಉಜ್ಜಿ ತೋರಿಸಿದ. ಕನ್ನಡಿ ಥರ ಆಗೋವರೆಗೂ ಬಿಡಬೇಡ, ಇನ್ಮೇಲೆ ಹೀಗೇ ಕಣಮ್ಮ, ಅಂದ."

"ಮೇಸ್ತ್ರಿನಾ?"

"ಇನ್ನೆಷ್ಟು ಜನ ಅಣ್ಣಂದಿರು ನನಗೆ?"

ತಲೆಬುಡ ಅರ್ಥವಾಗಲಿಲ್ಲ. ಯಾವ ಮೇಸ್ತ್ರಿ? ಮೊನ್ನೆ ತೂಗದ ಟ್ಯಾಪೆಟ್ ಮುಟ್ಟಿ ಕೈ ಒರೆಸಿಕೊಂಡ ಮೇಸ್ತ್ರಿಯಾ? ವಯಸ್ಸಾಯಿತು, ಮರೆವು ಎಂದುಕೊಳ್ಳೋಣ ಎಂದರೆ, ಮೊನ್ನೆ ಅವರು ನನಗೆ ಪಾಠ ಮಾಡಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮೂವತ್ತರಲ್ಲಿ ಹತ್ತನ್ನು ಅಷ್ಟು ಜೋಪಾನವಾಗಿ ಆರಿಸಿ, ಮನೆಗೆ ತಂದು, ಹಾಳು ಮಾಡು ಎಂದು ತಂಗಿಯ ಕೈಗೆ ಕೊಡುವವನು ಯಾವ ಸೀಮೆಯ ಮನುಷ್ಯ? ಹಾಳಾಗುತ್ತಿದ್ದದ್ದು ಅವರದೇ ಹೆಸರು. ಹಾಗಾದರೆ ಪೇಸ್ಟಕ್ಕ ಸುಳ್ಳು ಹೇಳುತ್ತಿದ್ದಾರೆಯೇ? ಅವರ ಗಂಟಲನ್ನೇ ನೋಡಿದೆ. ಅಳು ತಡೆದುಕೊಳ್ಳುತ್ತಿರುವ ಗಂಟಲು ಅದು. ಅದರಲ್ಲಿ ಸುಳ್ಳು ಹುಡುಕುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಮುಂದಿನ ಅಂಗಳದಲ್ಲಿ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ಹಲ್ಲಿನ ಡಾಕ್ಟ್ರ ದನಿ: "ಮೇಸ್ತ್ರಿ, ಶುರು ಮಾಡೋಣ್ವಾ? ಹತ್ತು ನಿಮಿಷ ಮುಂಚೇನೇ ಬಂದುಬಿಟ್ಟೆ."

ಪೇಸ್ಟಕ್ಕ ನನ್ನ ತೋಳು ಹಿಡಿದರು. ಹಿಡಿತ ಇಕ್ಕಳದ್ದು.

"ನಿಲ್ಲಿಸಿ. ಹೇಗಾದ್ರೂ ಮಾಡಿ ನಿಲ್ಲಿಸ್ರೀ. ನಾನೇ ಹಾಳು ಮಾಡಿದ್ದು ಅಂತ ಬೇಕಾದ್ರೆ ಎಲ್ಲರೆದುರಿಗೆ ಹೇಳ್ತೀನಿ. ಆ ಕ್ಯಾಮ್‌ಶಾಫ್ಟ್ ಹೋದ್ರೆ ಅಣ್ಣ ಬದುಕಲ್ಲ."

*

ಅಂಗಳದಲ್ಲಿ ಎಂಜಿನ್ ಕಬ್ಬಿಣದ ಚೌಕಟ್ಟಿನ ಮೇಲೆ ಕೂತಿತ್ತು. ಮೇಸ್ತ್ರಿ ಅದಕ್ಕೆ ಹೊಸ ಬಣ್ಣ ಕೂಡ ಬಳಿದಿದ್ದರು. ಎಣ್ಣೆಯ ಡಬ್ಬ ಪಕ್ಕದಲ್ಲಿ, ನೀರಿನ ಕೊಳವೆ ಜೋಡಿಸಿದ್ದು, ಬ್ಯಾಟರಿ, ಎಲ್ಲ ಅಚ್ಚುಕಟ್ಟು. ಅವರು ಶುಭ್ರವಾದ ಅಂಗಿ ಹಾಕಿಕೊಂಡು ಸ್ವಿಚ್ಚಿನ ಪಕ್ಕ ನಿಂತಿದ್ದರು. ಡಾಕ್ಟ್ರು ಮೂರು ಮಾರು ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು.

"ಒಂದು ಸಲ ಶುರು ಆಯ್ತು ಅಂದ್ರೆ ಅರ್ಧ ಗಂಟೆ ನಿಲ್ಲಿಸೋ ಹಾಗಿಲ್ಲ ಡಾಕ್ಟ್ರೇ," ಎಂದು ಮೇಸ್ತ್ರಿ ಹೇಳುತ್ತಿದ್ದರು. "ನಿಧಾನಕ್ಕೂ ಓಡಿಸೋ ಹಾಗಿಲ್ಲ. ಜೋರಾಗಿ ಓಡಿದ್ರೇನೇ ಎಣ್ಣೆ ಕ್ಯಾಮಿಗೆ ಹಾರೋದು. ಸದ್ದು ಜಾಸ್ತಿ ಇರುತ್ತೆ, ಗಾಬರಿ ಆಗಬೇಡಿ."

"ಹೋದ ಸಲಾನೂ ಇದನ್ನೇ ಹೇಳಿದ್ರಿ."

ಮೇಸ್ತ್ರಿ ಬ್ಯಾಟರಿಯ ತಂತಿಯನ್ನು ಇನ್ನೊಮ್ಮೆ ಬಿಗಿ ಮಾಡಿದರು.

ನಾನು ಹತ್ತಿರ ಹೋದೆ. ಡಾಕ್ಟ್ರಿಗೆ ಕೇಳಿಸದ ಹಾಗೆ, ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ: "ಮೇಸ್ತ್ರಿ, ಸ್ವಿಚ್ ಮುಟ್ಟಬೇಡಿ. ಒಳಗಿರೋ ಎಂಟೂ ತಳ ಚಪ್ಪಟೆಯಾಗಿದೆ. ಒಂದೂ ತಿರುಗಲ್ಲ."

ಅವರು ಬೆಚ್ಚಿ ಬೀಳುತ್ತಾರೆ ಎಂದುಕೊಂಡಿದ್ದೆ. ಇಲ್ಲವೇ ಸಿಟ್ಟಿಗೇಳುತ್ತಾರೆ. ಯಾವುದಾದರೂ ಒಂದನ್ನು ಮಾಡಿದ್ದರೆ ನನ್ನ ಪಾಡು ಸುಲಭವಾಗುತ್ತಿತ್ತು.

ಅವರು ಎಂಜಿನ್ನಿನ ಮೇಲೆ ಕೂತಿದ್ದ ಧೂಳನ್ನು ಬೆರಳಿನಿಂದ ಸವರಿ ತೆಗೆದರು.

"ಗೊತ್ತಮ್ಮ," ಎಂದರು.

"ಗೊತ್ತಾ?"

"ಗೊತ್ತು." ದನಿ ಇನ್ನೂ ತಗ್ಗಿತು. ಕಣ್ಣು ಒದ್ದೆಯಾಗಿತ್ತು. "ಉಜ್ಜಿದ್ದಕ್ಕೆ ಹೀಗಾಯ್ತು ಅಂತ ಅವಳಿಗೆ ಮಾತ್ರ ಹೇಳ್ಬೇಡಿ. ನಿಮ್ಮ ಕಾಲು ಹಿಡೀತೀನಿ."

"ಆದ್ರೆ ಮೇಸ್ತ್ರಿ, ಅವರಿಗೆ ಉಜ್ಜೋಕೆ ಹೇಳಿದ್ದೇ ನೀವು..."

"ನಾನಾ?"

ಅವರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಇದ್ದದ್ದು ನಟನೆಯಾಗಿದ್ದರೆ, ನಾನು ಕಲಿತದ್ದೆಲ್ಲ ದಂಡ.

"ನಾನ್ಯಾಕೆ ಹೇಳಲಿ? ಅವಳೇ ಉಜ್ತಾ ಇದ್ದಾಳೆ. ಬೇಡ ಅಂದ್ರೆ, ನೀನೇ ಹೇಳಿದ್ದಲ್ವಾ ಅಣ್ಣ ಅಂತಾಳೆ. ಮೂರು ಸಲ ಅಂದಳು. ಉಜ್ಜಿದ್ದನ್ನ ಬಿಟ್ಟು ಬೇರೆ ಹಾಕಿದ್ರೆ ಯಾಕೆ ಅಂತ ಕೇಳ್ತಾಳೆ, ಆಗ ಹೇಳಲೇಬೇಕಾಗುತ್ತೆ. ಅವಳ ತಲೆಗೆ ಏನೋ ಆಗಿದೆ ಅಂತ ಊರಿಗೆ ಗೊತ್ತಾಗೋದಕ್ಕಿಂತ ನನ್ನ ಕೈ ಕೆಟ್ಟಿದೆ ಅಂತ ಗೊತ್ತಾಗಲಿ ಬಿಡಿ."

ನಾನು ಬಾಯಿ ತೆರೆಯುವ ಮೊದಲೇ ಅವರು ಸ್ವಿಚ್ ಒತ್ತಿದರು.

ಎಂಜಿನ್ ಒಂದೇ ಹೊಡೆತಕ್ಕೆ ಎದ್ದಿತು. ಅಂಗಳ ನಡುಗಿತು. ಹೊಗೆ ಬಂತು, ಆಮೇಲೆ ಹೊಗೆ ತಿಳಿಯಾಯಿತು. ಕೇಳುವವರಿಗೆ ಅದು ಎಂಥ ಚೆಂದದ ಸದ್ದು! ಒಳಗೆ ಎಂಟು ಟ್ಯಾಪೆಟ್‌ಗಳು ತಿರುಗದೆ ನಿಂತಲ್ಲೇ ನಿಂತು, ಉಳಿದಿದ್ದ ಒಂದೇ ಒಂದು ಕ್ಯಾಮ್‌ಶಾಫ್ಟನ್ನು ಉಜ್ಜತೊಡಗಿದ್ದವು.

ಇಬ್ಬರಲ್ಲಿ ಒಬ್ಬರಿಗೆ ನೆನಪು ಕೈಕೊಟ್ಟಿದೆ. ಯಾರಿಗೆ? ತಂಗಿ ಅಣ್ಣನಿಗೋಸ್ಕರ ಎಲ್ಲರೆದುರು ತಪ್ಪು ಒಪ್ಪಿಕೊಳ್ಳಲು ತಯಾರು. ಅಣ್ಣ ತಂಗಿಗೋಸ್ಕರ ನಲವತ್ತು ವರ್ಷದ ಹೆಸರನ್ನು ಈ ಅಂಗಳದಲ್ಲಿ ಸುಡಲು ತಯಾರು. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ ಎಂದು ನನ್ನ ಕಣ್ಣು ಹೇಳುತ್ತಿತ್ತು. ಅದು ಹೇಗೆ ಸಾಧ್ಯ ಎಂದು ನನ್ನ ತಲೆ ಕೇಳುತ್ತಿತ್ತು.

ಪೇಸ್ಟಕ್ಕ ಬಾಗಿಲಿಗೆ ಬಂದು ನಿಂತಿದ್ದರು. ಎಂಜಿನ್ ಓಡುತ್ತಿರುವುದನ್ನು ನೋಡಿದರು. ಅಣ್ಣನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಇನ್ನೂ ಯಾಕೆ ನಿಲ್ಲಿಸಿಲ್ಲ ಎಂದು. ಮೇಸ್ತ್ರಿಯೂ ನನ್ನನ್ನೇ ನೋಡುತ್ತಿದ್ದರು, ಎರಡು ಕೈ ಜೋಡಿಸಿ.

ಡಾಕ್ಟ್ರು ನನ್ನ ಹತ್ತಿರ ಬಂದರು. ಎಂಜಿನ್ನಿನ ಅಬ್ಬರದ ಮೇಲೆ ಕೇಳಿಸಲಿ ಎಂದು ಗಂಟಲು ಹರಿಯುವಂತೆ ಕೂಗಿದರು.

"ಮೇಡಂ, ನೀವೇನೋ ಮೇಸ್ತ್ರಿಗೆ ಹೇಳೋಕೆ ಓಡಿ ಬಂದ್ರಲ್ಲ? ಅದೇನು ಅಂತ ನನಗೂ ಸ್ವಲ್ಪ ಹೇಳಿ!"